ದಿಂಬಿನೊಳಗಿನ ಕುಲಾವಿ

ಸರಳಾ, ನಿನ್ನ ಚೈತ್ರ ಹೊಟ್ಟೆಯಲ್ಲಿದ್ದಾಗ ಅವಳು ಉಳಿಯಬಾರದು ಎಂದು ನಾನು ಬಯಸಿದ್ದೆ. ಬರೀ ಮನಸ್ಸಿನಲ್ಲಿ ಅಂದುಕೊಂಡದ್ದಲ್ಲ — ಕಡ್ಡಿ ಹಿಡಿದು ಕೂತು, ಅದಕ್ಕೆಂದೇ ಒಂದು ಕುಲಾವಿ ಹೆಣೆದು, ನೀನು ತಲೆಯಿಟ್ಟು ಮಲಗುವ ದಿಂಬಿನೊಳಗೆ ತುರುಕಿ ಹೊಲಿದಿದ್ದೆ. ಹೆರಿಗೆಗೆ ಮುಂಚೆ ಎರಡು ತಿಂಗಳು, ಆಮೇಲೆ ಬಾಣಂತನ ಮುಗಿಯುವವರೆಗೂ ನೀನು ಅದರ ಮೇಲೆ ಮಲಗಿದೆ. ಇದು ನಿನಗೆ ಗೊತ್ತಿಲ್ಲ, ನಿನ್ನ ಅಣ್ಣನಿಗೆ ಗೊತ್ತಿಲ್ಲ. ನಿನ್ನ ಅವ್ವ ಗೊತ್ತಿಲ್ಲದೆಯೇ ತೀರಿಕೊಂಡರು.

ಹೋದ ವಾರ ನೀನು ಏಳು ತಿಂಗಳ ಹೊಟ್ಟೆ ಹೊತ್ತುಕೊಂಡು ಕುಣಿಗಲ್ಲಿನಿಂದ ಬಸ್ಸಿನಲ್ಲಿ ಬಂದು, ನನ್ನ ಮಡಿಲಿಗೆ ಬಿಳಿ ಉಲ್ಲನ್ ಲಡಿಗಳನ್ನು ಹಾಕಿ ಹೋದೆಯಲ್ಲ, ಅವತ್ತಿನಿಂದ ಇದನ್ನು ಬರೆಯಲು ಕೂರುತ್ತಿದ್ದೇನೆ, ಏಳುತ್ತಿದ್ದೇನೆ. ಪೀಠಿಕೆ ಹಾಕಹೋದರೆ ಅದರಲ್ಲೇ ನನ್ನನ್ನು ನಾನು ಒಳ್ಳೆಯವಳನ್ನಾಗಿ ಮಾಡಿಕೊಂಡುಬಿಡುತ್ತೇನೆ. ಅದಕ್ಕೇ ಕೆಟ್ಟದ್ದನ್ನು ಮೊದಲೇ ಹೇಳಿಬಿಟ್ಟೆ.

ತುಮಕೂರು ಪೇಟೆಯೊಳಗಿನ ಉಪ್ಪಾರಹಳ್ಳಿಯಿಂದ ಗುಬ್ಬಿ ಪಕ್ಕದ ನಿಮ್ಮೂರಿಗೆ ಸೊಸೆಯಾಗಿ ಬಂದಾಗ ನನಗೆ ಕಳೆ ಕೀಳಲು ಬರುತ್ತಿರಲಿಲ್ಲ. ಹಸು ತಲೆ ಆಡಿಸಿದರೆ ಮೂರು ಮಾರು ದೂರ ಓಡುತ್ತಿದ್ದೆ. ಮೂರೆಕರೆ ಹೊಲ, ಎರಡು ಸೀಮೆಹಸು ಇದ್ದ ಮನೆಗೆ ನನ್ನಂಥವಳಿಂದ ಏನು ಉಪಯೋಗ ಎಂದು ಅತ್ತೆಗೆ ಮೊದಲ ದಿನವೇ ಅನ್ನಿಸಿರಬೇಕು. ನನಗೆ ಬರುತ್ತಿದ್ದದ್ದು ಹೆಣಿಗೆ ಒಂದೇ. ಉಪ್ಪಾರಹಳ್ಳಿಯಲ್ಲಿ ನಮ್ಮ ಪಕ್ಕದ ಮನೆಯ ಜಮೀಲಾ ಆಂಟಿ ಕಲಿಸಿದ್ದು — ಒಂದು ಸಾಲು ಸೀದಾ, ಒಂದು ಸಾಲು ಉಲ್ಟಾ. ಆಕೆ ಒಂದು ಮಾತು ಹೇಳುತ್ತಿದ್ದರು. "ಕೋಪ ಇದ್ದಾಗ ಕಡ್ಡಿ ಮುಟ್ಬೇಡ ಬೇಟಿ, ಕೈ ಬಿಗಿಯಾಗ್ತದೆ." ಆ ಮಾತಿನ ಅರ್ಥ ನನಗೆ ಬಹಳ ತಡವಾಗಿ ಆಯಿತು.

ಆ ಮನೆಯಲ್ಲಿ ನನ್ನ ಹೆಣಿಗೆ ಕಂಡು ಖುಷಿಪಟ್ಟವಳು ನೀನೊಬ್ಬಳೇ. ನಿನಗಾಗ ಹದಿನೆಂಟು. ನಾನು ಹಾಕಿಕೊಟ್ಟ ನೀಲಿ ಸ್ವೆಟರನ್ನು ಮಟಮಟ ಮಧ್ಯಾಹ್ನವೂ ಬಿಚ್ಚದೆ ಗುಬ್ಬಿಯ ಕಾಲೇಜಿಗೆ ಹೋಗಿ ಬರುತ್ತಿದ್ದೆ. ಸಂಜೆ ಹಾಲು ಡೇರಿಗೆ ಹೋದ ಮೇಲೆ ನಾವಿಬ್ಬರೂ ಜಗಲಿ ಮೇಲೆ ಕೂರುತ್ತಿದ್ದೆವು. ಲಡಿಯನ್ನು ನೀನು ಎರಡೂ ಕೈಗೆ ಹಾಕಿಕೊಂಡು ಹಿಡಿದಿರುತ್ತಿದ್ದೆ, ನಾನು ಉಂಡೆ ಸುತ್ತುತ್ತಿದ್ದೆ. ನನಗೆ ತಂಗಿ ಇರಲಿಲ್ಲ. ನೀನೇ ತಂಗಿ ಅಂದುಕೊಂಡೆ — ಇದನ್ನು ಹೇಳುವುದು ನಿನ್ನನ್ನು ಕರಗಿಸಲಿಕ್ಕಲ್ಲ, ಆಮೇಲಿನ ದ್ವೇಷ ಎಲ್ಲಿಂದ ಅಷ್ಟು ಬಲ ಪಡೆಯಿತು ಅನ್ನುವುದು ಗೊತ್ತಾಗಲಿ ಅಂತ.

ತೊಂಬತ್ತನೇ ಇಸವಿಯಲ್ಲಿ ನಾನು ಬಸುರಿಯಾದೆ. ತವರಲ್ಲಿ ತಾಯಿ ಇಲ್ಲದ್ದರಿಂದ ಚೊಚ್ಚಲ ಹೆರಿಗೆಗೂ ನಿಮ್ಮ ಮನೆಯಲ್ಲೇ ಉಳಿದೆ. ದಿನ ತುಂಬುವುದು ಚಳಿಗಾಲದಲ್ಲಿ. ಒಂದು ಸ್ವೆಟರ್ ಹೆಣೆಯಲು ಹಳದಿ ಉಲ್ಲನ್ ತೆಗೆದಾಗ ಅತ್ತೆ ತಡೆದರು. "ಹುಟ್ಟದೆ ಇರೋ ಮಗೀಗೆ ಹೊಸ ಬಟ್ಟೆ ಮಾಡಬಾರ್ದು ಕಣವ್ವ. ಹುಟ್ಟಿದ ಮ್ಯಾಲೂ ಹಳೇ ಸೀರೇಲಿ ಸುತ್ತಬೇಕು." ನಾನು ಹೂಂ ಅಂದೆ. ಅಂದು, ಕದ್ದು ಹೆಣೆದೆ. ಪೇಟೆ ಹುಡುಗಿಯ ಜಂಬ, ಅಷ್ಟೇ. ಅತ್ತೆ ಹೊಲಕ್ಕೆ ಹೋಗುವುದನ್ನೇ ಕಾಯುತ್ತಿದ್ದೆವು. ಆ ಹಳದಿ ಲಡಿ ಹಿಡಿದು ಕೂತವಳೂ ನೀನೇ, ಕಿಸಕಿಸ ನಗುತ್ತಾ "ಅವ್ವ ಬಂದ್ಲು" ಅಂತ ಸುಳ್ಳೇ ಹೆದರಿಸಿದವಳೂ ನೀನೇ. ಹೆಣೆದದ್ದನ್ನು ನನ್ನ ಟ್ರಂಕಿನ ತಳದಲ್ಲಿಟ್ಟೆವು. ಅದು ನಮ್ಮಿಬ್ಬರ ಗುಟ್ಟು.

ಮಗು ಸತ್ತು ಹುಟ್ಟಿತು. ಗಂಡು.

ಮೂರನೇ ದಿನ ಅತ್ತೆ ಹಳೇ ಬಟ್ಟೆಗಾಗಿ ನನ್ನ ಟ್ರಂಕು ತೆಗೆದರು. ಮಾತಾಡಿಸಲು ಬಂದ ನೆಂಟರಿಷ್ಟರು ಅಂಗಳದಲ್ಲಿ ಕೂತಿದ್ದರು. ಅತ್ತೆ ಆ ಪುಟ್ಟ ಸ್ವೆಟರನ್ನು ಎರಡು ಬೆರಳಲ್ಲಿ ಹಿಡಿದುಕೊಂಡು ಹೊರಗೆ ಬಂದು "ಇದ್ಯಾವಾಗ ಮಾಡಿದ್ದು?" ಅಂತ ಕೇಳಿದರು. ನಾನು ಒಳಗೆ ಚಾಪೆಯ ಮೇಲಿದ್ದೆ. ಕೇಳಿದ್ದು ನಿನ್ನನ್ನು. ಗೋಡೆಯ ಆಚೆಯಿಂದ ನಿನ್ನ ಮಾತು ನನಗೆ ಒಂದಕ್ಷರ ಬಿಡದೆ ಕೇಳಿಸಿತು.

"ನಂಗೇನ್ ಗೊತ್ತವ್ವ? ಹುಟ್ಟೋ ಮುಂಚೇನೇ ಹೆಣ್ದು ಇಟ್ಕಂಡವ್ಳೆ. ಅದಕ್ಕೇ ಮಗು ಉಳೀಲಿಲ್ಲ. ಅವ್ಳ ಕೈಯೇ ಮಗೂನ ತಿಂದ್ಬುಡ್ತು."

ಯಾವಾಗಲೂ 'ಅತ್ತಿಗೆ, ನೀವು' ಅನ್ನುತ್ತಿದ್ದ ನೀನು ಅವತ್ತು 'ಅವಳು' ಅಂದೆ. ಎದೆಹಾಲು ಕಟ್ಟಿಕೊಂಡು ಜ್ವರದಲ್ಲಿ ಬೇಯುತ್ತಿದ್ದ ನನಗೆ ಮಗು ಹೋದದ್ದಕ್ಕಿಂತ ಆ 'ಅವಳು' ಹೆಚ್ಚು ಉರಿಯಿತು. ನಿನ್ನ ಅಣ್ಣನಿಗೆ ಹೇಳಿದೆ. "ಬುಡು, ಚಿಕ್ಕ ಹುಡ್ಗಿ, ಏನೋ ಬಾಯ್ತಪ್ಪಿ ಅಂದವ್ಳೆ" ಅಂದರು. ಬಾಯಿ ತಪ್ಪಿದ್ದು ನಿನಗೆ, ಊರಲ್ಲಿ ಹೆಸರು ಕೆಟ್ಟದ್ದು ನನಗೆ. ನಾಮಕರಣಕ್ಕೆ ಹೋದರೆ ನಾನು ಕೈ ಚಾಚುವ ಮೊದಲೇ ಮಗು ಇನ್ನೊಬ್ಬರ ಮಡಿಲಿಗೆ ದಾಟಿರುತ್ತಿತ್ತು. ಕಡ್ಡಿಗಳನ್ನು ಅತ್ತೆ ಅಟ್ಟಕ್ಕೆ ಎಸೆದರು. ಸ್ವೆಟರನ್ನು ಬಚ್ಚಲೊಲೆಗೆ ಹಾಕಲು ಹೇಳಿದರು. ನಾನು ಹಾಕಲಿಲ್ಲ, ಕೊಟ್ಟಿಗೆಯ ಸೂರಿನ ಸಂದಿಯಲ್ಲಿ ಬಚ್ಚಿಟ್ಟೆ.

ನೀನು ಒಂದು ಸಲ, ಒಂದೇ ಒಂದು ಸಲ ಒಳಗೆ ಬಂದು "ನಾನೂ ಲಡಿ ಹಿಡಿದಿದ್ದೆ" ಅಂದಿದ್ದರೆ — ಇರಲಿ. ನೀನು ಬರಲಿಲ್ಲ.

ನಿನ್ನ ಮದುವೆಯಾಯಿತು, ಕುಣಿಗಲ್ಲಿಗೆ ಹೋದೆ, ತೊಂಬತ್ಮೂರರಲ್ಲಿ ಬಸುರಿಯಾಗಿ ತವರಿಗೆ ಬಂದೆ. ನಿನ್ನ ಸೀಮಂತದ ದಿನ ಒಲೆ ಮುಂದೆ ಬೆವರು ಸುರಿಸಿದ್ದು ನಾನು. ಒಬ್ಬಟ್ಟು ಬೇಯಿಸಿದ್ದೂ ನಾನೇ. ಬಳೆ ತೊಡಿಸುವ ಹೊತ್ತಿಗೆ ಕೈ ತೊಳೆದು ಬಂದರೆ, ಅತ್ತೆ ಎಲ್ಲರೆದುರಿಗೇ "ನೀನು ಒಳಗೇ ಇರವ್ವ, ನಿನ್ನ ಕೈ ಬ್ಯಾಡ" ಅಂದರು. ನಾನು ನಿನ್ನನ್ನು ನೋಡಿದೆ. ನೀನು ಮಡಿಲಲ್ಲಿದ್ದ ಹೂವನ್ನು ಸರಿಮಾಡಿಕೊಳ್ಳುತ್ತಾ ಕೂತಿದ್ದೆ.

ಅವತ್ತೇ ನಿರ್ಧಾರ ಮಾಡಿದೆ. ನನ್ನ ಕೈ ತಿನ್ನುವ ಕೈ ಅಂತೀರಲ್ಲ, ಹಾಗಾದರೆ ತಿನ್ನಲಿ.

ಮಾರನೇ ವಾರ ಎಲ್ಲರೂ ಕಡಲೆಕಾಯಿ ಕೀಳಲು ಹೋಗಿದ್ದರು. ನೀನು ಊಟ ಮಾಡಿ ಮಲಗಿದ್ದೆ. ಅಟ್ಟದಿಂದ ಕಡ್ಡಿ ಇಳಿಸಿದೆ, ಕೊಟ್ಟಿಗೆಯ ಸೂರಿನಿಂದ ಹಳದಿ ಸ್ವೆಟರ್ ತೆಗೆದೆ, ಮನೆ ಹಿಂದಿನ ಪಂಪ್‌ಸೆಟ್ ಮನೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡು ಕೂತೆ. ನನ್ನ ಮಗು ತೊಡದ ಆ ಸ್ವೆಟರನ್ನು ನಾನೇ ಎಳೆದು ಬಿಚ್ಚಿದೆ. ಬಿಚ್ಚಿದ ಉಲ್ಲನ್ ಸುಕ್ಕುಸುಕ್ಕಾಗಿರುತ್ತದೆ. ತೊಳೆದು, ಒಣಗಿಸಿ, ನೆಟ್ಟಗೆ ಮಾಡಿಕೊಂಡೇ ಮತ್ತೆ ಹೆಣೆಯಬೇಕು. ನಾನು ತೊಳೆಯಲಿಲ್ಲ. ಅದರ ಸುಕ್ಕು ಹಾಗೇ ಇರಲಿ, ಅದರ ಶನಿ ಹಾಗೇ ಇರಲಿ. ಸೀದಾ ಸಾಲಿಗೆ ನಿನ್ನ ಹೆಸರು, ಉಲ್ಟಾ ಸಾಲಿಗೆ ನೀನು ಆಡಿದ ಮಾತು — ಹಾಗೆ ಹೇಳಿಕೊಳ್ಳುತ್ತಾ ನಾಲ್ಕು ಮಧ್ಯಾಹ್ನ ಹೆಣೆದೆ. ದೇವರನ್ನು ಕೇಳಿಕೊಳ್ಳಲಿಲ್ಲ. ದೇವರಿಗೆ ಇಂಥದ್ದು ಹೇಳಲು ನಾಚಿಕೆ ಆಗುತ್ತದೆ. ನಿಮ್ಮ ನಂಬಿಕೆಯನ್ನೇ ಕೇಳಿಕೊಂಡೆ: ನನಗೆ ಫಲಿಸಿತು ಅಂದರಲ್ಲ, ಇವಳಿಗೂ ಫಲಿಸು.

ಸುಳ್ಳು ಹೇಳುವುದಿಲ್ಲ ಸರಳಾ, ಆ ನಾಲ್ಕು ಮಧ್ಯಾಹ್ನ ನಾನು ಬಹಳ ಸುಖವಾಗಿದ್ದೆ. ಮೂರು ವರ್ಷಗಳ ನಂತರ ಕಡ್ಡಿ ಹಿಡಿದಿದ್ದೆ.

ಐದನೇ ದಿನ ನೀನು ಸ್ನಾನಕ್ಕೆ ಹೋದಾಗ ದಿಂಬಿನ ಹೊಲಿಗೆ ಬಿಚ್ಚಿ, ಹತ್ತಿಯ ನಡುವೆ ಕುಲಾವಿ ಇಟ್ಟು ಮತ್ತೆ ಹೊಲಿದೆ. ಆಮೇಲೆ ನಿನಗೆ ಎಣ್ಣೆ ಹಚ್ಚಿದೆ, ನಿನ್ನ ಕಾಲು ಒತ್ತಿದೆ, ಕೇಳಿದ್ದೆಲ್ಲ ಮಾಡಿ ಹಾಕಿದೆ. "ಅತ್ತಿಗೆ ಎಷ್ಟು ಮಾಡ್ತಾರವ್ವ" ಅಂತ ನೀನು ಅತ್ತೆಗೆ ಹೇಳುತ್ತಿದ್ದದ್ದು ಕೇಳಿಸುತ್ತಿತ್ತು. ಒಳಗೊಳಗೇ ನಗುತ್ತಿದ್ದೆ.

ಗುಬ್ಬಿಯ ಆಸ್ಪತ್ರೆಯಲ್ಲಿ ಬಿಸಿನೀರಿನ ಫ್ಲಾಸ್ಕ್ ಹಿಡಿದು ನಿಂತಿದ್ದೆ. ಒಳಗಿನಿಂದ ಮಗು ಕಿರುಚಿದ್ದು ಕೇಳಿಸಿತು. ಆಯಾ ಹೊರಗೆ ಬಂದು "ಹೆಣ್ಮಗು, ಗುಂಡ್‌ಗುಂಡಗೈತೆ" ಅಂದಳು. ಅತ್ತೆ ಅಲ್ಲೇ ಕೂತು ಅತ್ತರು. ನನಗೂ ಅಳು ಬಂತು, ಎಲ್ಲರೂ ಖುಷಿಯ ಕಣ್ಣೀರು ಅಂದುಕೊಂಡರು. ನನಗೆ ಮೋಸ ಹೋದಂತಾಗಿತ್ತು. ಹಾಗಾದರೆ ಉಲ್ಲನ್ನಿಗೆ ಯಾವ ಶಕ್ತಿಯೂ ಇಲ್ಲ. ಹಾಗಾದರೆ ನನ್ನ ಕೈ ನನ್ನ ಮಗುವನ್ನು ತಿಂದಿರಲಿಲ್ಲ. ನಾನು ನಿರಪರಾಧಿ ಅನ್ನುವುದಕ್ಕೆ ಈ ಲೋಕದಲ್ಲಿ ಇದ್ದ ಒಂದೇ ಸಾಕ್ಷಿ ಆ ದಿಂಬಿನೊಳಗಿತ್ತು — ಅದನ್ನು ಹೊರಗೆ ತೆಗೆದರೆ ನಾನು ಎಂಥವಳು ಅನ್ನುವುದೂ ಹೊರಗೆ ಬರುತ್ತಿತ್ತು.

ಬಾಯಿ ಮುಚ್ಚಿಕೊಂಡೆ. ನೀನು ಬಾಣಂತನ ಮುಗಿಸಿ ಹೋದ ಮೇಲೆ ಕುಲಾವಿ ತೆಗೆದು ಟ್ರಂಕಿಗೆ ಹಾಕಿದೆ. ಮುಂದೆ ನಾನು ಮತ್ತೆ ಬಸುರಿಯಾಗಿ ಮಗ ಹೊಟ್ಟೆಯಲ್ಲಿದ್ದಾಗ ಅವನಿಗೆ ಒಂದು ಕಾಲುಚೀಲವನ್ನೂ ಹೆಣೆಯಲಿಲ್ಲ, ಹುಟ್ಟಿದ ಮೇಲೂ ಹೆಣೆಯಲಿಲ್ಲ. ಶಕ್ತಿಯಿಲ್ಲ ಎಂದು ಗೊತ್ತಿದ್ದೂ ಹೆದರಿದೆ. ಮಾಡಿದ್ದು ತಿರುಗಿ ಬಂದರೆ ಅಂತ. ಬೇಸಿಗೆ ರಜಕ್ಕೆ ಬರುತ್ತಿದ್ದ ನಿನ್ನ ಚೈತ್ರ ನನ್ನ ಸೆರಗು ಹಿಡಿದೇ ತಿರುಗುತ್ತಿದ್ದಳು. "ಅತ್ತೆ, ನಿಮಗೆ ಸ್ವೆಟರ್ ಹಾಕಕ್ಕೆ ಬರುತ್ತಂತಲ್ಲ, ನಂಗ್ಯಾಕೆ ಹಾಕ್ಕೊಡಲ್ಲ?" ಎಂದು ಕೇಳಿದ್ದಳು. ಮರೆತುಹೋಗಿದೆ ಅಂದೆ. ಅವಳ ತಲೆ ಬಾಚುವಾಗಲೆಲ್ಲ ನನ್ನ ಕೈ ಒಂದು ಗಳಿಗೆ ನಿಲ್ಲುತ್ತಿತ್ತು.

ಆದರೂ ನಿನ್ನ ಮೇಲಿನ ಸೇಡು ಆರಲಿಲ್ಲ. ಅದೂ ತಪ್ಪೊಪ್ಪಿಗೆಯ ಭಾಗವೇ. ನಿನಗೆ ಆಮೇಲೆ ಒಂದು ಬಸಿರು ನಾಲ್ಕನೇ ತಿಂಗಳಲ್ಲಿ ಹೋಯಿತಲ್ಲ, ಆ ಸುದ್ದಿ ಬಂದಾಗ ನಾನು ಹಾಲು ಕರೆಯುತ್ತಿದ್ದೆ. ಕೈ ನಿಲ್ಲಲಿಲ್ಲ. ಈಗ ತಿಳಿಯಿತಾ, ಅಂದುಕೊಂಡೆ. ಕರೆದು ಮುಗಿಸಿ, ಬಿಂದಿಗೆ ಇಟ್ಟು, ಆಮೇಲೆ ಅಳುತ್ತಾ ನಿನ್ನ ಹತ್ತಿರ ಬಂದೆ.

ಈಗ ಹೋದ ವಾರದ ವಿಷಯ. ಚೈತ್ರ ಹುಟ್ಟಿ ಹನ್ನೊಂದು ವರ್ಷಗಳ ಮೇಲೆ ನಿಂತ ಬಸಿರು, ಡಾಕ್ಟರು ಓಡಾಡಬೇಡಿ ಅಂದಿದ್ದರೂ ನೀನು ಬಂದೆ. ಬಂದವಳು ಕೂರಲೂ ಇಲ್ಲ.

"ಅತ್ತಿಗೆ, ಅವತ್ತು ಲಡಿ ಹಿಡ್ಕೊಂಡಿದ್ದು ನಾನೇ. ಅವ್ವ ನನ್ನೂ ಸೇರಿಸ್ಕೊಂಡು ಬೈತಾಳೆ ಅಂತ ಹೆದ್ರಿ ಎಲ್ಲಾ ನಿಮ್ಮೇಲೆ ಹಾಕ್ಬುಟ್ಟೆ. ಆಮೇಲೆ ನಿಮ್ಮ ಮುಖ ನೋಡಕ್ಕೆ ಧೈರ್ಯ ಆಗ್ಲಿಲ್ಲ. ಈ ಮಗೀಗೆ ನೀವೇ ಹೆಣ್ಕೊಡಿ. ಈಗ್ಲೇ, ಹುಟ್ಟೋ ಮುಂಚೇನೇ. ನಾನಂದಿದ್ದು ಸುಳ್ಳು ಅಂತ ಊರೋರೆಲ್ಲ ನೋಡ್ಲಿ."

ಹದಿನಾಲ್ಕು ವರ್ಷ ನಾನು ಕಾದದ್ದು ಈ ಮಾತಿಗೇ. ನೀನು ಆ ಹೊಟ್ಟೆ ಇಟ್ಟುಕೊಂಡು ಕಷ್ಟಪಟ್ಟು ಬಗ್ಗಿ ನನ್ನ ಕಾಲು ಮುಟ್ಟಿದೆ. ನಾನು ತಡೆಯಲಿಲ್ಲ. ಏಳು ಅನ್ನಲಿಲ್ಲ. "ಅಷ್ಟು ಸುಲಭ ಅಲ್ಲ ಸರಳಾ. ನೋಡ್ತೀನಿ" ಅಂದೆ. ನಿನ್ನ ಮುಖ ಸಣ್ಣಗಾದದ್ದನ್ನು ಕಣ್ತುಂಬ ನೋಡಿದೆ. ನೀನು ಅಳುತ್ತಾ ಬಸ್ಸಿಗೆ ಹೋದೆ. ಹೊಟ್ಟೆಯಲ್ಲಿರುವ ಮಗುವನ್ನೇ ನನ್ನ ಕೈಗೆ ಒಪ್ಪಿಸಲು ಬಂದವಳ ಮುಂದೆ ನಾನು ಅನ್ಯಾಯಕ್ಕೊಳಗಾದವಳ ಠೀವಿಯಲ್ಲಿ ಕೂತಿದ್ದೆ. ನಿನ್ನ ತಪ್ಪು ಹದಿನೆಂಟರ ಹುಡುಗಿಯ ಹೆದರಿಕೆ. ನನ್ನದು ನಾಲ್ಕು ಮಧ್ಯಾಹ್ನ ಕೂತು, ಯೋಚನೆ ಮಾಡಿ, ಸಾಲು ಸಾಲಾಗಿ ಹೆಣೆದದ್ದು.

ನೀನು ಹೋದ ಮೇಲೆ ಟ್ರಂಕು ತೆಗೆದು ಆ ಕುಲಾವಿಯನ್ನು ನೋಡಿದೆ. ಎಷ್ಟು ಬಿಗಿಯಾಗಿದೆ ಅಂದರೆ ಮೂರು ಬೆರಳೂ ಒಳಗೆ ಹೋಗುವುದಿಲ್ಲ. ಯಾವ ಮಗುವಿನ ತಲೆಗೂ ಅದು ಆಗುತ್ತಿರಲಿಲ್ಲ.

ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ. ಏಳು ತಿಂಗಳ ಬಸುರಿಗೆ ಇಂಥದ್ದನ್ನು ಹೇಳುವುದರಲ್ಲೂ ಹಳೆಯ ಸೇಡು ಉಳಿದಿದೆಯೋ ಏನೋ — ನನ್ನನ್ನು ನಾನು ನಂಬುವುದಿಲ್ಲ. ಆದರೆ ಹೇಳದೆ ಹೆಣೆದರೆ ನೀನು ಎರಡನೇ ಸಲ ಗೊತ್ತಿಲ್ಲದೆಯೇ ನನ್ನ ಸುಳ್ಳಿನ ಮೇಲೆ ಮಲಗಿದಂತೆ. ಸೋಮವಾರದ ಮೊದಲ ಬಸ್ಸಿಗೆ ಇದನ್ನು ಹಿಡಿದುಕೊಂಡು ಕುಣಿಗಲ್ಲಿಗೆ ನಾನೇ ಬರುತ್ತೇನೆ. ನೀನು ಓದಿ ಮುಗಿಸುವವರೆಗೆ ಎದುರಿಗೆ ಕೂತಿರುತ್ತೇನೆ. ಉಗಿದರೆ ಉಗಿಸಿಕೊಳ್ಳುತ್ತೇನೆ. ಚೈತ್ರಳಿಗೆ ಹೇಳುವುದೂ ಬಿಡುವುದೂ ನಿನಗೆ ಬಿಟ್ಟದ್ದು. ಅವಳು ಇನ್ನು ನನ್ನನ್ನು ಅತ್ತೆ ಅನ್ನದಿದ್ದರೆ ಯಾಕೆ ಅಂತ ಕೇಳುವ ಹಕ್ಕು ನನಗಿಲ್ಲ.

ಹಳದಿ ಕುಲಾವಿಯನ್ನೂ, ನಿನ್ನ ಬಿಳಿ ಉಲ್ಲನ್ನನ್ನೂ ಒಂದೇ ಚೀಲದಲ್ಲಿ ತರುತ್ತಿದ್ದೇನೆ. ಬಿಳಿಯದನ್ನು ನಾನು ಮುಟ್ಟಿಲ್ಲ. ಅದು ಇನ್ನೂ ಲಡಿಯಲ್ಲೇ ಇದೆ. ಉಂಡೆ ಮಾಡಬೇಕಾದರೆ ಯಾರಾದರೂ ಎದುರಿಗೆ ಕೂತು ಎರಡು ಕೈ ಕೊಡಬೇಕು.