ಪೂಜೆಗೆ ಕೂತ ಮಷೀನು

ನೀಲಾಳ ಮಷೀನು ಕೈಕೊಟ್ಟಿತು, ಅದಕ್ಕೇ ಆಕೆ ಪೆಟ್ಟು ತಿಂದಳು ಎಂದು ಯಾರಾದರೂ ನನ್ನ ಝೆರಾಕ್ಸ್ ಅಂಗಡಿಯ ಮುಂದೆ ನಿಂತು ಹೇಳಿದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಅಂಥವರಿಗೆ ಆಧಾರ್ ಕಾರ್ಡಿನ ಒಂದು ಪ್ರತಿಯನ್ನೂ ತೆಗೆದುಕೊಡುವುದಿಲ್ಲ. ಬೇರೆ ಅಂಗಡಿ ನೋಡಿಕೊಳ್ಳಿ ಎನ್ನುತ್ತೇನೆ. ಬೈಲಹೊಂಗಲದ ಪೇಟೆಯಲ್ಲಿ ನನ್ನ ಅಂಗಡಿ, ನೀಲಾಳ ಆಫೀಸು, ಬಾಯವ್ವನ ಖಾನಾವಳಿ ಒಂದೇ ಸಾಲಿನಲ್ಲಿವೆ. ಆವತ್ತು ನಡೆದದ್ದನ್ನು ಕಣ್ಣಾರೆ ಕಂಡವನು ನಾನು. ನನ್ನ ಮುಂದಿನ ಹಲ್ಲೊಂದು ಅದರಲ್ಲಿಯೇ ಹೋಯಿತು.

ನೀಲಾ ರಾಮದುರ್ಗ ತಾಲೂಕಿನ ಸಾಲಹಳ್ಳಿಯ ಮಗಳು. ಅಪ್ಪ ಮಲಕಾಜಪ್ಪ ಪೈಲ್ವಾನ, ಊರಿನ ಗರಡಿಮನೆಯಲ್ಲಿ ಹುಡುಗರಿಗೆ ಕುಸ್ತಿ ಕಲಿಸುತ್ತಿದ್ದ. ಗಂಡುಮಕ್ಕಳಿರಲಿಲ್ಲ, ಹಾಗಾಗಿ ಮಗಳಿಗೇ ಹಿತ್ತಲಿನಲ್ಲಿ ಮಣ್ಣು ಹದ ಮಾಡಿ ಪಟ್ಟು ಹೇಳಿಕೊಟ್ಟ. ಮುದ್ದು ಮಾಡಿ ಕಲಿಸಿದ್ದಲ್ಲ. ತಪ್ಪಿದರೆ ಎತ್ತಿ ಒಗೆಯುತ್ತಿದ್ದ. ಆಕೆಯ ಹುಬ್ಬಿನ ಮೇಲಿನ ಗಾಯದ ಗುರುತು ಅಪ್ಪನ ಕೊಡುಗೆಯೇ. "ಹೊಡತ ಬಿದ್ದಾಗ ಕಣ್ಣ ಮುಚ್ಚಬ್ಯಾಡ, ಹೊಡಿಯಾವನ ಕಾಲ ನೋಡು" ಎಂದು ಮೇಲಿಂದ ಮೇಲೆ ಹೇಳುತ್ತಿದ್ದನಂತೆ.

ಮದುವೆಯಾಗಿ ಬೈಲಹೊಂಗಲಕ್ಕೆ ಬಂದಳು. ಗಂಡ ಸಾಗರ ಟೆಂಪೊ ಓಡಿಸುತ್ತಾನೆ. ಹೊಸತರಲ್ಲಿ ಒಮ್ಮೆ ಕುಡಿದು ಬಂದು ಹೆಂಡತಿಯ ಮೇಲೆ ಕೈ ಎತ್ತಿದ. ನೀಲಾ ಆ ಕೈಯನ್ನು ಬೆನ್ನ ಹಿಂದೆ ತಿರುವಿ, ಅವನ ಮುಖವನ್ನು ಜೋಳದ ಚೀಲಕ್ಕೆ ಒತ್ತಿ ಹಿಡಿದಳು. ಯಪ್ಪಾ, ಯವ್ವಾ ಎಂದು ಅವನು ಕೂಗುವವರೆಗೂ ಬಿಡಲಿಲ್ಲ. ಅಲ್ಲಿಂದ ಮುಂದೆ ಸಾಗರ ಚಲೋ ಗಂಡ. ಇದನ್ನು ಅವನೇ ನಗುತ್ತ ಹೇಳಿಕೊಳ್ಳುತ್ತಾನೆ, ಹಾಗಾಗಿ ನಾನು ಬರೆದರೂ ಅವನಿಗೆ ಬೇಜಾರಿಲ್ಲ.

ಮೊದಲು ಆಕೆ ಯರಗಟ್ಟಿಯ ಟ್ಯಾಕ್ಸ್ ಕನ್ಸಲ್ಟಂಟ್ ನಿಜಗುಣಪ್ಪನ ಆಫೀಸಿನಲ್ಲಿ ಕಂಪ್ಯೂಟರ್ ಆಪರೇಟರ್ ಆಗಿದ್ದಳು. ಗೋವಿನಜೋಳ, ಹತ್ತಿ, ಕಡಲೆ ವ್ಯಾಪಾರಸ್ಥರ ಬಿಲ್ಲುಗಳನ್ನು ಚೀಲಗಟ್ಟಲೆ ತಂದು ಸುರಿಯುತ್ತಿದ್ದರು. ಅವನ್ನು ಒಂದೊಂದಾಗಿ ನೋಡಿ ಕಂಪ್ಯೂಟರಿಗೆ ಏರಿಸಿ ಏರಿಸಿ ಆಕೆಯ ಬೆರಳುಗಳು ಮರಗಟ್ಟುತ್ತಿದ್ದವು. ಆ ಸಿಟ್ಟಿನಲ್ಲೇ ಬಸ್ಸಿನಲ್ಲಿ ಕೂತು ಮೊಬೈಲಿನಲ್ಲಿ ಪ್ರೋಗ್ರಾಂ ಬರೆಯುವುದನ್ನು ಕಲಿತಳು. ವ್ಯಾಪಾರಿ ಬಿಲ್ಲಿನ ಫೋಟೊ ಹೊಡೆದು ವಾಟ್ಸಾಪಿಗೆ ಹಾಕಿದರೆ ಸಾಕು, ಮಷೀನೇ ಓದಿ, ಲೆಕ್ಕಕ್ಕೆ ಏರಿಸಿ, ಸರ್ಕಾರಕ್ಕೆ ಕಳಿಸಲು ತಯಾರು ಮಾಡಿ ಇಡುವಂಥ ವ್ಯವಸ್ಥೆಯೊಂದನ್ನು ತಾನೇ ಕಟ್ಟಿದಳು. ಕೆಲಸ ಬಿಟ್ಟು ಸ್ವಂತ ಆಫೀಸು ತೆರೆದಾಗ ಮೊದಲ ಗಿರಾಕಿ ನಿಜಗುಣಪ್ಪನೇ. ಆಮೇಲೆ ಸವದತ್ತಿ, ರಾಮದುರ್ಗ, ಕಿತ್ತೂರಿನ ಆಫೀಸುಗಳೂ ಸೇರಿದವು. ಆಫೀಸಿಗೊಂದು ಮಷೀನು ಕೂರಿಸಿ, ಸ್ಕೂಟಿಯ ಹಿಂದೆ ಬ್ಯಾಗು ಕಟ್ಟಿಕೊಂಡು ಊರೂರು ಸುತ್ತುತ್ತಿದ್ದಳು. ಬೋರ್ಡಿನ ಮೇಲೆ 'ಮಲಕಾಜಪ್ಪ ಆಟೋಮೇಶನ್' ಎಂದು ಅಪ್ಪನ ಹೆಸರು ಬರೆಸಿದ್ದಳು. ಅದನ್ನು ಓದಿ ಪಂಪ್‌ಸೆಟ್ ಹೊತ್ತುಕೊಂಡು ರಿಪೇರಿಗೆ ಬರುವವರಿಗೆ ದಾರಿ ತೋರಿಸುವುದು ನನ್ನ ಕೆಲಸವಾಗಿತ್ತು.

ಮಾರಾಟದ ಲೆಕ್ಕ ಪ್ರತಿ ತಿಂಗಳು ಹನ್ನೊಂದನೇ ತಾರೀಖಿನೊಳಗೆ ಸರ್ಕಾರಕ್ಕೆ ಹೋಗಬೇಕು. ಹೋಗದಿದ್ದರೆ ಮಾಲು ಕೊಂಡವನಿಗೆ ತೆರಿಗೆಯ ಲಾಭ ಸಿಗುವುದಿಲ್ಲ, ಅವನು ಮುಂದಿನ ಸಲ ಬೇರೆ ವ್ಯಾಪಾರಿಯ ಹತ್ತಿರ ಹೋಗುತ್ತಾನೆ. ಆ ವರ್ಷ ದಸರೆಯ ಖಂಡೆ ಪೂಜೆ, ಅಂದರೆ ಆಯುಧ ಪೂಜೆ, ಸರಿಯಾಗಿ ಹನ್ನೊಂದನೇ ತಾರೀಖಿಗೇ ಬಂತು. ನಮ್ಮ ಕಡೆ ಖಂಡೆ ಪೂಜೆಗೆ ಇಟ್ಟ ಸಾಮಾನನ್ನು ಮರುದಿನ ಬನ್ನಿ ಮುಡಿಯುವವರೆಗೆ ಯಾರೂ ಮುಟ್ಟುವುದಿಲ್ಲ. ಕುಡಗೋಲಿರಲಿ, ತಕ್ಕಡಿಯಿರಲಿ, ಕಂಪ್ಯೂಟರೇ ಇರಲಿ. ನೀಲಾ ಎಲ್ಲ ಆಫೀಸುಗಳಿಗೂ ಮೊದಲೇ ಹೇಳಿದ್ದಳು. ಚಾಲೂ ಇದ್ದಾಗಲೇ ಒಂದು ಹೂವು ಏರಿಸಿರಿ, ಕೈ ಮುಗಿಯಿರಿ, ಬಂದ್ ಮಾಡಬೇಡಿರಿ ಎಂದು. ಸವದತ್ತಿಯವರು ಕೇಳಿದರು, ರಾಮದುರ್ಗದವರು ಕೇಳಿದರು. ನಿಜಗುಣಪ್ಪ, "ಆತು ಬಿಡವಾ, ನನಗೇನ ಗೊತ್ತಿಲ್ಲೇನು" ಎಂದ.

ಆ ದಿನ ಮಧ್ಯಾಹ್ನ ಯರಗಟ್ಟಿಯ ಮಷೀನು ನಿಂತುಹೋಗಿದೆ ಎಂದು ನೀಲಾಳ ಮೊಬೈಲಿಗೆ ಸೂಚನೆ ಬಂತು. ನಿಜಗುಣಪ್ಪನಿಗೆ ಫೋನ್ ಹಚ್ಚಿದಳು. ಎತ್ತಲಿಲ್ಲ. ಎತ್ತುವುದು ಹೇಗೆ, ಮಹಾಶಯ ಫೋನನ್ನೂ ಕಂಪ್ಯೂಟರಿನ ಮಗ್ಗುಲಲ್ಲೇ ಪೂಜೆಗೆ ಇಟ್ಟಿದ್ದ! ಸ್ಕೂಟಿ ಹತ್ತಿ ಯರಗಟ್ಟಿಗೆ ಓಡಿದಳು. ಆಫೀಸಿಗೆ ಬೀಗ. ಆತ ಮನೆಮಂದಿಯನ್ನು ಕಟ್ಟಿಕೊಂಡು ಎಲ್ಲಮ್ಮನ ಗುಡ್ಡಕ್ಕೆ ಹೋಗಿದ್ದ. ಕಿಡಕಿಯ ಗಾಜಿಗೆ ಮುಖ ಹಚ್ಚಿ ನೋಡಿದರೆ ಒಳಗೆ ಟೇಬಲ್ಲಿನ ಮೇಲೆ ಮಷೀನು ಮೂರು ಬೆರಳಿನ ವಿಭೂತಿ ಹಚ್ಚಿಕೊಂಡು, ಚೆಂಡುಹೂವಿನ ಮಾಲೆ ಹಾಕಿಕೊಂಡು ಕೂತಿತ್ತು. ಆಕೆ ಬಾಗಿಲಿಗೆ ಒದ್ದಳಂತೆ. ಬಾಗಿಲು ಗಟ್ಟಿಯಿತ್ತು.

ಮರುದಿನ ಬೆಳಗ್ಗೆ, ಮಾಲು ಕೊಂಡಿದ್ದ ಗಿರಣಿಯವರು ಲೆಕ್ಕ ಹೋಗಿಲ್ಲವೆಂದು ಕಾಡಪ್ಪನಿಗೆ ಫೋನ್ ಮಾಡಿ ಕೆಟ್ಟದಾಗಿ ಬೈದರು. ಕಾಡಪ್ಪ ಯರಗಟ್ಟಿಯ ಗೋವಿನಜೋಳದ ಸಾವುಕಾರ, ನಿಜಗುಣಪ್ಪನ ಗಿರಾಕಿ, ಕೈ ಮೊದಲು ಮಾತು ಆಮೇಲೆ ಎನ್ನುವ ಜಾತಿಯ ಮನುಷ್ಯ. ಅವನು ನಿಜಗುಣಪ್ಪನ ಕೊರಳಪಟ್ಟಿ ಹಿಡಿದ. ನಿಜಗುಣಪ್ಪ ಒಂದು ಉಸಿರೂ ತಡೆಯದೆ, "ನಂದೇನ ತಪ್ಪಿಲ್ರಿ ಸಾವ್ಕಾರ್ರ, ನೀಲಾನ ಮಷೀನ್ ಕೈಕೊಡ್ತು" ಎಂದುಬಿಟ್ಟ. ಅಷ್ಟೇ. ಸುದ್ದಿ ಸವದತ್ತಿ ರಾಮದುರ್ಗಕ್ಕೆ ಮುಟ್ಟಲು ಎಷ್ಟು ಹೊತ್ತು? ನಾವು ಅಂಗಡಿಗೆ ತೋರಣ ಕಟ್ಟುವಷ್ಟರಲ್ಲಿ ಎರಡೂ ಕಡೆಯ ಆಫೀಸಿನವರು ನೀಲಾಳಿಗೆ ಫೋನ್ ಮಾಡಿ, ಹಬ್ಬ ಮುಗಿಯುತ್ತಲೇ ನಿಮ್ಮ ಸಾಮಾನು ಬಿಚ್ಚಿಕೊಂಡು ಹೋಗಿರಿ ಎಂದಿದ್ದರು. ನಿಜಗುಣಪ್ಪ ನಿಜ ಹೇಳದಿದ್ದರೆ ಆಕೆಯ ಕಸುಬು ಆ ದಿನಕ್ಕೇ ಮುಗಿದಂತೆ. ಮುಖ ಬಿಳಿಚಿಕೊಂಡಿತ್ತು. ನಾನು ತಂದುಕೊಟ್ಟ ಚಹಾ ಹಾಗೆಯೇ ಆರಿತು.

ಆಗಲೇ ಜೀಪು ಬಂದು ನಿಂತಿತು. ಕಾಡಪ್ಪ, ಜೊತೆಗೆ ಅವನ ಗೋದಾಮಿನ ಹಮಾಲರು ಒಂದಿಷ್ಟು ಜನ. ಒಬ್ಬನ ಹೆಗಲ ಮೇಲೆ ನಿಜಗುಣಪ್ಪನ ಮಷೀನು.

"ಏ ನೀಲಾ! ಹೊರಗ ಬಾ. ತಗೋ ನಿನ್ನ ಹಾಳ ಮಷೀನು!"

ಹಮಾಲ ಅದನ್ನು ಆಫೀಸಿನೊಳಕ್ಕೆ ಬೀಸಿ ಒಗೆದ. ಗಾಜಿನ ಬಾಗಿಲು ಪುಡಿಯಾಯಿತು. ಮಷೀನಿನ ತಗಡು ಕಳಚಿ ಬಿದ್ದು ಒಳಗಿನಿಂದ ತೆಂಗಿನಕಾಯಿಯ ನೀರು ನೆಲಕ್ಕೆ ಸುರಿಯಿತು, ಕುಂಕುಮ ಕಲಸಿ ಕೆಂಪಗೆ. ಬಂದ್ ಮಾಡಿದ್ದಷ್ಟೇ ಅಲ್ಲ, ಅದರ ತಲೆಯ ಮೇಲೆಯೇ ಕಾಯಿ ಒಡೆದಿದ್ದ ಪುಣ್ಯಾತ್ಮ! ನಿನ್ನೆ ಮುಟ್ಟಲು ಬಾರದಿದ್ದ ಮಷೀನು ಇವತ್ತು ಬನ್ನಿಗೆ ಮೊದಲೇ ಎತ್ತಿ ಒಗೆಯಲು ಹೇಗೆ ಬಂತು ಎಂದು ಕೇಳುವ ಪುರುಸೊತ್ತು ಅಲ್ಲಿ ಯಾರಿಗೂ ಇರಲಿಲ್ಲ.

"ಇದನ್ನ ಪೂಜೆಗಿಟ್ಟು ಬಂದ್ ಮಾಡ್ಯಾರ್ರಿ, ಇಲ್ಲಿ ನೋಡ್ರಿ" ಎಂದು ನೀಲಾ ಬಗ್ಗಿ ತೋರಿಸಲು ಹೋದಳು. ಒಬ್ಬ ಹಮಾಲ ಆಕೆಯ ಜಡೆಗೆ ಕೈ ಹಾಕಿ ಎಳೆದ. ಅದು ಅವನ ದುರ್ದೈವ. ನೀಲಾ ಹಿಂದಕ್ಕೆ ವಾಲಿದಂತೆ ಮಾಡಿ, ಅವನ ತೊಡೆಯ ಸಂದಿಯಲ್ಲಿ ಕಾಲು ಕೊಟ್ಟು, ಸೊಂಟದ ಮೇಲಿನಿಂದ ಅವನನ್ನು ರಸ್ತೆಗೆ ಒಗೆದಳು. ಅವನ ತಲೆ ಗಟಾರದ ಕಲ್ಲಿಗೆ ಬಡಿದ ಸಪ್ಪಳ ನನ್ನ ಕೌಂಟರಿನವರೆಗೂ ಕೇಳಿತು. ಇನ್ನೊಬ್ಬ ಕುರ್ಚಿ ಎತ್ತಿ ಕಂಪ್ಯೂಟರುಗಳ ಪರದೆಗಳನ್ನು ಒಡೆಯತೊಡಗಿದ. ನಾನು ಕಾಗದ ಕತ್ತರಿಸುವ ಕಬ್ಬಿಣದ ಪಟ್ಟಿ ಹಿಡಿದು ನುಗ್ಗಿದೆ. ಒಂದು ಗುದ್ದು ಬಾಯಿಗೆ ಬಿತ್ತು, ರಕ್ತದ ಜೊತೆ ಹಲ್ಲು ಅಂಗೈಗೆ ಬಂತು. ಗುದ್ದಿದವನ ಮೊಣಕಾಲಿಗೆ ಪಟ್ಟಿಯಿಂದ ಬಾರಿಸಿದೆ. ಸುಳ್ಳು ಯಾಕೆ, ಅವನು ಕಿರುಚಿದಾಗ ನನಗೆ ಸಂತೋಷವಾಯಿತು.

ಖಾನಾವಳಿಯಲ್ಲಿ ಬಾಯವ್ವ ಹಬ್ಬದ ಹೋಳಿಗೆಗೆ ಕಟ್ಟಿನ ಸಾರು ಕುದಿಸುತ್ತಿದ್ದಳು. ಪಾತ್ರೆ ಸಮೇತ ಬಂದಳು. "ಹೆಣ್ಣಮಗಳ ಮ್ಯಾಲೆ ಕೈ ಮಾಡ್ತೀರೇನ್ರೋ ಭಾಡ್ಯಾಗೋಳ್ರಾ!" ಎಂದು ಕೂಗುತ್ತ ಕುದಿಯುವ ಸಾರನ್ನು ಅವರ ಕಾಲಿನ ಮೇಲೆ ಸುರಿದಳು. ಇಬ್ಬರು ಕುಣಿಯುತ್ತ ಜೀಪು ಹತ್ತಿದರು.

ಕಾಡಪ್ಪ ಮಾತ್ರ ನಿಂತಿದ್ದ, ಕೈಯಲ್ಲಿ ಬಡಿಗೆ. ನೀಲಾ ಕಣ್ಣು ಮುಚ್ಚಲಿಲ್ಲ. ಅವನ ಕಾಲನ್ನೇ ನೋಡುತ್ತಿದ್ದಳು. ಮೊದಲ ಏಟಿಗೆ ಸರಿದಳು, ಎರಡನೆಯದಕ್ಕೂ ಸರಿದಳು. ಮೂರನೆಯದಕ್ಕೆ ಕುಂಕುಮದ ನೀರಿನಲ್ಲಿ ಕಾಲು ಜಾರಿತು. ತಲೆಗೆ ಬೀಳಬೇಕಾದದ್ದಕ್ಕೆ ಬಲಗೈ ಅಡ್ಡ ಹಿಡಿದಳು. ಒಣ ತೊಗರಿಕಟ್ಟಿಗೆ ಮುರಿದ ಹಾಗೆ ಶಬ್ದ ಬಂತು. ಕೈ ಮೊಣಕೈಯ ಕೆಳಗೆ ಜೋತಾಡಿತು. ಆಗ ಕಾಡಪ್ಪನೂ ಬಡಿಗೆ ಬಿಟ್ಟು ಹಿಂದೆ ಸರಿದ.

ಆಸ್ಪತ್ರೆಯಲ್ಲಿ ಪ್ಲಾಸ್ಟರ್ ಹಾಕಿಸಿಕೊಂಡು ಆಕೆ ಮನೆಗೆ ಹೋಗಲಿಲ್ಲ, ನೇರ ಠಾಣೆಗೆ ಹೋದಳು. ಆಕೆ ಹೇಳಿದ್ದನ್ನು ನಾನು ಬರೆದೆ. ಸಹಿ ಮಾಡುವ ಹೊತ್ತಿಗೆ ಕೈಯಿಲ್ಲ. ನಾಲ್ಕು ಊರಿನ ಲೆಕ್ಕ ಬೆರಳ ತುದಿಯಲ್ಲಿ ಆಡಿಸುವವಳು ಎಡಗೈ ಹೆಬ್ಬೆಟ್ಟು ಒತ್ತಿದಳು. ನೋವಿಗೆ ಅಳದವಳು ಆ ನೀಲಿ ಗುರುತು ನೋಡಿ ಅತ್ತಳು. ನನಗೂ ತಡೆಯಲಾಗಲಿಲ್ಲ.

ಸಂಜೆ ಊರೆಲ್ಲ ಬನ್ನಿ ಹಂಚುತ್ತಿತ್ತು. ನಮ್ಮ ಕಡೆ ಈ ದಿನ ವೈರಿ ಬಂದು ಬನ್ನಿ ಎಲೆ ಕೊಟ್ಟರೂ ಇಲ್ಲ ಎನ್ನುವಂತಿಲ್ಲ. ಅದನ್ನು ನಂಬಿಕೊಂಡೇ ಪೇಟೆಯ ಹಿರಿಯ ಗಂಗಪ್ಪ, ಕಾಡಪ್ಪ ಮತ್ತು ನಿಜಗುಣಪ್ಪ ಇಬ್ಬರನ್ನೂ ಕರೆದುಕೊಂಡು ಒಡೆದ ಆಫೀಸಿಗೆ ಬಂದ. ಹಿಂದೆ ಅರ್ಧ ಪೇಟೆಯೇ ಇತ್ತು. ಟೆಂಪೊ ಬಿಟ್ಟು ಓಡಿ ಬಂದಿದ್ದ ಸಾಗರ ಕಾಡಪ್ಪನನ್ನು ನೋಡುತ್ತಲೇ ಎದ್ದ. ನೀಲಾ ಅವನ ಅಂಗಿ ಹಿಡಿದು ಕೂರಿಸಿದಳು.

"ನೋಡವಾ ತಂಗಿ," ಎಂದ ಗಂಗಪ್ಪ. "ಆದದ್ದು ಆಗಿಹೋತು. ಸಾವ್ಕಾರ್ರು ಬನ್ನಿ ತಂದಾರ. ತಗೊಂಡು ಕಂಪ್ಲೇಂಟ್ ಹಿಂದಕ್ಕ ತಗೊಂಡಬಿಡು. ಖರ್ಚ ಅವರು ನೋಡ್ಕೋತಾರ."

ತಗಡು ಕಳಚಿದ ಮಷೀನು ಎದುರಿನ ಟೇಬಲ್ಲಿನ ಮೇಲಿತ್ತು, ವಿಭೂತಿ ಹಾಗೆಯೇ ಇತ್ತು. ನೀಲಾ ನಿಜಗುಣಪ್ಪನ ಕಡೆ ತಿರುಗಿದಳು. "ಸರ್, ನಿಮ್ಮ ಕೈಯಾಗ ಬನ್ನಿ ಐತಿ. ಬನ್ನಿ ಹಿಡಕೊಂಡು ಇಷ್ಟು ಮಂದಿ ಮುಂದ ಹೇಳ್ರಿ. ಇದನ್ನ ಬಂದ್ ಮಾಡಿದವರು ಯಾರು?"

ನಿಜಗುಣಪ್ಪ ಎಲೆಗಳನ್ನು ನೋಡಿದ, ಮಷೀನನ್ನು ನೋಡಿದ. ಬನ್ನಿ ಹಿಡಿದು ಸುಳ್ಳು ಹೇಳುವ ಧೈರ್ಯ ನಮ್ಮ ಕಡೆ ಯಾರಿಗೂ ಇಲ್ಲ.

"ನಾನ ಮಾಡಿದ್ನಿ," ಎಂದ. "ಖಂಡೆ ಪೂಜಿ ದಿವಸ ಚಾಲೂ ಇಟ್ರ ದೇವರಿಗಿ ಅಪಚಾರ ಆಕ್ಕೇತಿ ಅಂತ... ಕಾಯಿನೂ ಒಡದ್ನಿ. ನೀಲಾಂದೇನ ತಪ್ಪಿಲ್ಲ."

ಮಾತು ಮುಗಿಯುವ ಮೊದಲೇ ಕಾಡಪ್ಪನ ಕೈ ಅವನ ಕೆನ್ನೆಗೆ ಬಿತ್ತು. ಟೊಪ್ಪಿಗೆ ಒಂದು ಕಡೆ, ಬನ್ನಿ ಎಲೆ ಒಂದು ಕಡೆ ಚೆಲ್ಲಿದವು. ಇನ್ನೊಂದು ಏಟಿಗೆ ಕೈ ಎತ್ತಿದಾಗ ನೀಲಾ ಗದರಿದಳು.

"ಸಾಕ ಮಾಡ್ರಿ ಸಾವ್ಕಾರ್ರ! ಮುಂಜಾನೆ ಹೊಡಿಯೂಕಿಂತ ಮೊದಲ ಈ ಮಾತ ನೀವ ಕೇಳಬೇಕಾಗಿತ್ತು."

ಕಾಡಪ್ಪನ ಕೈ ಇಳಿಯಿತು. ಅಷ್ಟು ದೊಡ್ಡ ದೇಹದ ಮನುಷ್ಯ ಒಮ್ಮೆಗೇ ಮುದುಕನಾದ ಹಾಗೆ ಕಂಡ. ಜೇಬಿನಿಂದ ಬನ್ನಿ ತೆಗೆದು ಆಕೆಯ ಮುಂದೆ ಹಿಡಿದ. "ತಗೋ ತಂಗಿ" ಎಂದ.

"ಬನ್ನಿ ದೇವರದು, ತಗೋತೇನಿ. ಕಂಪ್ಲೇಂಟ್ ನಂದು. ಅದನ್ನ ಹಿಂದಕ್ಕ ತಗೊಳ್ಳಾಂಗಿಲ್ಲ" ಎಂದು ನೀಲಾ ಎಡಗೈ ಚಾಚಿದಳು.

ಮಂದಿಯಲ್ಲಿ ಗುಜುಗುಜು ಎದ್ದಿತು. ಗಂಗಪ್ಪನ ಮುಖ ಕೆಂಪಾಯಿತು. "ಎಡಗೈಲೆ ಬನ್ನಿ ತಗೋತಾರೇನವಾ? ಹಿರ್ಯಾರಿಗಿ ಇದೆಂಥಾ ಅಪಮಾನ?"

ನೀಲಾ ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

"ಬಲಗೈ ಇವರ ಮುರದಾರ್ರಿ ಕಾಕಾ. ನನ್ನ ಕಡೆ ಉಳದದ್ದು ಇದೊಂದ ಐತಿ."

ಕಾಡಪ್ಪ ಬನ್ನಿಯನ್ನು ಆ ಎಡಗೈಯಲ್ಲಿ ಇಟ್ಟ. ಎರಡು ಎಲೆ ಕೆಳಗೆ ಬಿದ್ದವು. ಬನ್ನಿ ಕೊಟ್ಟವರು ಹೇಳಬೇಕಾದ ಮಾತೊಂದಿದೆ, ಅದು ಅವನ ಬಾಯಿಂದ ಬರಲೇ ಇಲ್ಲ. ಕಡೆಗೆ ನೀಲಾಳೇ ಹೇಳಿದಳು.

"ಬಂಗಾರದಂಗ ಇರೂಣ್ರಿ ಸಾವ್ಕಾರ್ರ. ಕೋರ್ಟಿನ್ಯಾಗ ಭೆಟ್ಟಿ ಆಗೂಣು."