ಮೇಡಂ ಕಾಲ್ಗುಣ

ಸೊಂಟ ಹಿಡ್ಕೊಂಡ್ರೆ ಮರ್ಯಾದೆ ಗಿರ್ಯಾದೆ ಏನೂ ಉಳಿಯಲ್ಲ ಅಂತ ನನಗೆ ಗೊತ್ತಾಗಿದ್ದು ರಾಜಾನುಕುಂಟೆಯ ಗೋಡೌನ್‌ನಲ್ಲಿ. ಸೇಫ್ಟಿ ಮೇಡಂ ಎಂದಿನಂತೆ, "ಸೊಂಟ ಬಗ್ಗಿಸ್ಬೇಡಿ, ಮಂಡಿ ಬಗ್ಗಿಸಿ ಎತ್ತಿ" ಅಂತ ಹೇಳ್ತಾ ಓಡಾಡ್ತಿದ್ರು. ನಾವೂ ಎಂದಿನಂತೆ ಕಿವಿಗೆ ಹಾಕ್ಕೊಂಡಿರಲಿಲ್ಲ. ಟೈಲ್ಸ್ ಬಾಕ್ಸ್ ಎತ್ತೋಕೆ ಬಗ್ಗಿದವನು ಮತ್ತೆ ನೆಟ್ಟಗಾಗಲೇ ಇಲ್ಲ.

ಜೊತೆಗೆ ಲೋಡ್ ಮಾಡ್ತಿದ್ದ ಬಸಪ್ಪ ವಿಜಯಪುರದ ಕಡೆಯವನು. ಇಡೀ ಗೋಡೌನಿಗೆ ಕೇಳೋ ಹಾಗೆ ಕೂಗಿದ: "ಕಾಲು ಮುಂದಾಗಿ ಹುಟ್ಟಿದವ್ರು ಯಾರರೆ ಅದೀರೇನ್ರೀ? ಬಂದು ಇವ್ನ ಸೊಂಟಕ್ಕ ಒಂದ್ ಒದೀರಿ, ಬಿಡತೈತಿ!"

ಯಾರೂ ಬರಲಿಲ್ಲ. ಆಮೇಲೆ ಮೇಡಂ ಮೆಲ್ಲಗೆ, "ನಾನು ಹಾಗೇ ಹುಟ್ಟಿದ್ದಂತೆ, ಅಮ್ಮ ಹೇಳ್ತಾರೆ. ಆದ್ರೆ ಇದೆಲ್ಲ ಮೂಢನಂಬಿಕೆ ಕಣ್ರೀ, ಮೊದ್ಲು ಡಾಕ್ಟರ್ ಹತ್ರ ಹೋಗಿ" ಅಂದ್ರು.

"ಹೋಗ್ತೀನಿ ಮೇಡಂ, ಒಂದ್ಸಲ ಒದ್ದು ಕಳಿಸಿ" ಅಂದೆ, ನೆಲ ನೋಡ್ತಾನೇ.

ಅವರು ಶೂ ಬಿಚ್ಚಿ, "ಸಾರಿ ರೀ" ಅಂತ ಹೇಳಿ ಪಾದ ಮುಟ್ಟಿಸಿದರು. ಸೊಂಟ ಬಿಡಲಿಲ್ಲ. ಆಟೋದಲ್ಲಿ ಯಲಹಂಕದ ಆಸ್ಪತ್ರೆವರೆಗೂ ಬಗ್ಗಿಕೊಂಡೇ ಹೋದೆ. ಡಿಸ್ಕ್ ಜಾರಿದ್ದರೆ ನನ್ನ ಕೆಲಸವೂ ಜಾರಿದ ಹಾಗೆಯೇ ಅಂತ ದಾರಿಯುದ್ದಕ್ಕೂ ಭಯ. ಡಾಕ್ಟರ್ ಎಲ್ಲ ನೋಡಿ, "ಡಿಸ್ಕ್‌ಗೇನೂ ಆಗಿಲ್ಲ, ಮಾಂಸಖಂಡ ಹಿಡ್ಕೊಂಡಿದೆ ಅಷ್ಟೆ. ಸ್ವಲ್ಪ ದಿನ ಭಾರ ಎತ್ತಬೇಡಿ" ಅಂದಾಗ ಅವರ ಕಾಲಿಗೆ ಬೀಳೋಣ ಅನ್ನಿಸಿತು. ಹೇಗೂ ಅರ್ಧ ಬಗ್ಗಿಯೇ ಇದ್ದೆನಲ್ಲ!

ನಾನು ಕೆಲಸಕ್ಕೆ ಮರಳುವಷ್ಟರಲ್ಲಿ, ವಾಸಿಯಾಗಿದ್ದು ಮೇಡಂ ಒದೆಯಿಂದಲೇ ಅಂತ ಬಸಪ್ಪ ಎಲ್ಲರನ್ನೂ ನಂಬಿಸಿಬಿಟ್ಟಿದ್ದ. ಈಗ ನಮ್ಮಲ್ಲಿ ಎಲ್ಲರೂ ಮಂಡಿ ಬಗ್ಗಿಸಿಯೇ ಎತ್ತುತ್ತಾರೆ. ಸೇಫ್ಟಿ ಮೇಡಂ ಹೇಳಿದರೆ ಬಿಡಬಹುದು. ಕಾಲು ಮುಂದಾಗಿ ಹುಟ್ಟಿದವರು ಹೇಳಿದರೆ ಬಿಡೋಕಾಗುತ್ತಾ?