ರಾತ್ರಿಯ ಫಲಾಹಾರ

ಸಾಯುವ ಹಿಂದಿನ ದಿನವೂ ಮಂಜಯ್ಯ ರಾತ್ರಿ ಅನ್ನ ಮುಟ್ಟಲಿಲ್ಲ. ಖಿದಿರ್‌ಪುರದ ಬಂದರಿನ ಬಳಿಯ ತಮ್ಮ ಉಡುಪಿ ಹೋಟೆಲಿನ ಬಾಗಿಲೆಳೆದು ಮನೆಗೆ ಬಂದು, ಕೈಕಾಲು ತೊಳೆದು ಕೂತರು. ಹೆಂಡತಿ ಕುಸುಮಾವತಿ ಅವಲಕ್ಕಿಗೆ ಬೆಲ್ಲ, ಕಾಯಿತುರಿ ಕಲಸಿ ಬಡಿಸಿದಳು.

ಸಕ್ಕರೆ ಕಾಯಿಲೆ ಇನ್ನೂ ಬಂದಿಲ್ಲ, ಬಾರ್ಡರಿನಲ್ಲಿದೆ ಎಂದಿದ್ದರು ಡಾಕ್ಟರು. ಅನ್ನ ಕಡಿಮೆ ಮಾಡಿ, ಸಿಹಿ ಬಿಡಿ, ನಡೆಯಿರಿ. ಮಂಜಯ್ಯ ರಸಗುಲ್ಲ ಬಿಟ್ಟರು, ಬಂಗಾಳಿ ಪೇಡೆ ಸಂದೇಶ್ ಬಿಟ್ಟರು. ರಾತ್ರಿಗೆ, ಊರಲ್ಲಿ ಒಂದೇ ಹೊತ್ತು ಅನ್ನ ಉಣ್ಣುವ ಒಪ್ಪೊತ್ತಿನ ದಿನ ಮಾಡುತ್ತಿದ್ದ ಫಲಾಹಾರವೇ ಸಾಕು ಎಂದು ಗಂಡಹೆಂಡತಿ ಮಾತಾಡಿಕೊಂಡರು. ಅನ್ನ ಬಿಟ್ಟರೆ ಅದು ಪಥ್ಯವೇ ಎಂದು ನಂಬಿ ಬೆಳೆದವರು.

"ನಡೆಯುವುದು ಮಾತ್ರ ಆಗುವುದಿಲ್ಲ ಮಾರಾಯ್ತಿ," ಎಂದರು ಮಂಜಯ್ಯ. "ಬೆಳಕಾಗುವ ಮೊದಲು ಹಿಟ್ಟು ರುಬ್ಬಬೇಕು. ಆಮೇಲೆ ರಸ್ತೆ ತುಂಬ ಬಂದರಿನ ಲಾರಿ. ನಡೆಯಲಿಕ್ಕೆ ಜಾಗ ಎಲ್ಲುಂಟು?"

"ಗಲ್ಲಾಕ್ಕೇ ಪ್ರದಕ್ಷಿಣೆ ಹಾಕಿ."

"ಹಾಕಿದರೆ ಪ್ರಸಾದ ಕೇಳ್ತೇನೆ."

ಮೊದಲ ಸಾಂಬಾರನ್ನು ಯಜಮಾನರು ಬಟ್ಟಲು ತುಂಬ ಕುಡಿದು, ಬೆಲ್ಲ ಹದವಾಗಿದೆಯೇ ನೋಡಿದ ಮೇಲೆಯೇ ಗಿರಾಕಿಗೆ ಬಡಿಸುವುದು ಅವರ ಹೋಟೆಲಿನ ಪದ್ಧತಿ. ಮರುದಿನ ಬೆಳಿಗ್ಗೆ ಆ ಬಟ್ಟಲು ಕೈಯಲ್ಲಿರುವಾಗಲೇ ಮಂಜಯ್ಯ ಕುಸಿದರು. ಆಸ್ಪತ್ರೆಯಲ್ಲಿ ಹೃದಯ ನಿಂತಿದೆ ಎಂದರು.

"ಬಾರ್ಡರು ದಾಟಿಲ್ಲ ಅಂತ ಹೇಳಿದ್ದಲ್ವಾ?" ಕುಸುಮಾವತಿ ಮಗಳನ್ನು ಮುಂದೆ ಮಾಡಿ ಡಾಕ್ಟರರ ಹತ್ತಿರ ಕೇಳಿಸಿದಳು.

ಬ್ಯಾಂಕಿನಲ್ಲಿರುವ ಮಗಳು ಭವ್ಯಶ್ರೀ ಇಂಗ್ಲಿಷಿನಲ್ಲಿ ಕೇಳಿ, ತಿರುಗಿ ಹೇಳಿದಳು. "ಅದರಿಂದಲೇ ಅಂತ ಹೇಳಕ್ಕಾಗಲ್ವಂತೆ ಅಮ್ಮ. ಅಲ್ಲ ಅಂತಾನೂ ಆಗಲ್ವಂತೆ."

ಇದೆಂಥ ಉತ್ತರ ಎಂದು ಕುಸುಮಾವತಿಗೆ ಇವತ್ತಿಗೂ ತಿಳಿದಿಲ್ಲ.

ವೈಕುಂಠ ಸಮಾರಾಧನೆ ಕಳೆದ ಮೇಲೆ ಮಗಳು ತಾಯಿಯ ರಕ್ತವನ್ನೂ ಪರೀಕ್ಷೆ ಮಾಡಿಸಿದಳು. ಅದೇ ಬಾರ್ಡರು. ಅಂದು ರಾತ್ರಿ ಕುಸುಮಾವತಿ ಅನ್ನ ಬಿಟ್ಟು ಅವಲಕ್ಕಿ ಕಲಸಿಕೊಂಡಳು.

"ಅದೂ ಚಾವಲ್ ಹೀ ತೋ ಹೈ ಅಮ್ಮ," ಎಂದಳು ಮಗಳು. "ಅಕ್ಕೀನೇ. ಮೇಲೆ ಬೆಲ್ಲ ಬೇರೆ."

"ಇದು ಫಲಾಹಾರ."

"ಹೊಟ್ಟೆಗೆ ಒಪ್ಪೊತ್ತು ಗೊತ್ತಾಗತ್ತಾ?"

ಕುಸುಮಾವತಿ ತಟ್ಟೆಯ ಅವಲಕ್ಕಿಯನ್ನು ನೋಡಿದಳು. ಹಾಗಾದರೆ ಇಷ್ಟು ದಿನ ಗಂಡನಿಗೆ ತಾನು ಬಡಿಸಿದ್ದು ಎಂತದು?

"ಅಪ್ಪನಿಗೆ ಇದರಿಂದಲೇ ಆಯ್ತಾ?"

"ಇಲ್ಲಮ್ಮ. ಅವಲಕ್ಕಿ ತಿಂದು ಯಾರೂ ಸಾಯಲ್ಲ."

"ಮತ್ತೆ ನನಗೆ ಎಂತಕ್ಕೆ ಬೇಡ ಹೇಳ್ತೀ?"

ಮಗಳು ತಟ್ಟೆ ಸರಿಸಿ ಸೌತೆಕಾಯಿ ಹೆಚ್ಚಿಕೊಟ್ಟಳು. ಕುಸುಮಾವತಿ ತಿಂದಳು. ಹೊಟ್ಟೆ ತುಂಬಲಿಲ್ಲ.

ಈಗ ಮೊದಲ ಸಾಂಬಾರು ನೋಡುವುದು ಅವಳೇ. ಬೆಲ್ಲ ಕಮ್ಮಿ ಮಾಡು ಎಂದರೆ ಅಡುಗೆಯ ಚಂದ್ರಹಾಸ, "ಗಿರಾಕಿ ಬರುವುದು ಬೆಲ್ಲಕ್ಕೇ ಕುಸುಮಕ್ಕ," ಎನ್ನುತ್ತಾನೆ. ಹಳೆಯ ಅಭ್ಯಾಸದಂತೆ ಮಂಜಯ್ಯನವರ ಬಟ್ಟಲನ್ನೇ ತುಂಬಿ ಕೊಡುತ್ತಾನೆ. ಅವಳು ಅಂಗೈಗೆ ಒಂದು ತೊಟ್ಟು ಬಿಟ್ಟುಕೊಂಡು ನೆಕ್ಕಿ, ಉಳಿದದ್ದನ್ನು ಪಾತ್ರೆಗೆ ಸುರಿಯುತ್ತಾಳೆ. ಆಮೇಲೆ ಬಟ್ಟಲು ತೊಳೆದು, ಒರೆಸಿ, ಗಲ್ಲಾದ ಪಕ್ಕ ಕವುಚಿಡುತ್ತಾಳೆ.